ಗೋಡೆಯಾಚೆಯ ಅವ್ವ

ನವೆಂಬರ್ 4, ಸೋಮವಾರ

ಬಳ್ಳಾರಿಯ ಗಂಟಲು ಡಾಕ್ಟರು ಇವತ್ತು ನನ್ನ ಬಾಯಿ ಮುಚ್ಚಿಸಿದರು. ದನಿಯ ಜಾಗದಲ್ಲಿ ಗಂಟು ಎದ್ದಿದೆಯಂತೆ. ಆಂಧ್ರದ ಗಡಿಯ ಈ ಆದೋನಿಯ ಕನ್ನಡ ಶಾಲೆಯಲ್ಲಿ ಇಷ್ಟು ವರ್ಷ ಮಕ್ಕಳ ಮೇಲೆ ಕೂಗಿದ್ದರ ಫಲ. ಮೂರು ವಾರ ಮಾತಾಡುವಂತಿಲ್ಲ, ಪಿಸುಗುಟ್ಟುವಂತೆಯೂ ಇಲ್ಲ. ಮೀರಿದರೆ ಆಪರೇಷನ್, ಆಮೇಲೆ ಪಾಠ ಮಾಡುವಷ್ಟು ದನಿ ಉಳಿಯುತ್ತದೆ ಎಂದು ಹೇಳಲಾಗದು ಎಂದರು.

ಬಸ್ಸಿನಲ್ಲಿ ಬರುವಾಗ ನನ್ನ ಯಜಮಾನರು ಎರ್ರಿಸ್ವಾಮಿ ಕಿಟಕಿ ಕಡೆ ತಿರುಗಿ ನಗುತ್ತಲೇ ಇದ್ದರು. ಡಿಪೋದ ಕಂಡಕ್ಟರಿಗೆ ನಗು ಮುಚ್ಚಿಡಲು ಬರುವುದಿಲ್ಲ. "ಟೀಚರಮ್ಮ, ಇನ್ನ ಮೂರು ವಾರ ಮನ್ಯಾಗ ನಂದ ಮಾತು. ಈ ವರ್ಷ ದೀಪಾವಳಿ ನನಗ ತಡ ಆಗಿ ಬಂತು ನೋಡು," ಅಂದರು. ತಕ್ಕ ಉತ್ತರ ಗಂಟಲ ತನಕ ಬಂದು ಅಲ್ಲೇ ಉಳಿಯಿತು. ಒಳಗೇ ಉಳಿದರೆ ಹೊಟ್ಟೆನೋವು ಬರುತ್ತದೆ, ಅದಕ್ಕೇ ಈ ದಿನಚರಿ.

ಸಂಜೆ ಗ್ರಂಥಾಲಯದ ಸುಭದ್ರಮ್ಮನವರು ಒಂದು ಪತ್ತೇದಾರಿ ಕಾದಂಬರಿ ಕೊಟ್ಟು ಹೋದರು. ಓದುಗರ ಬಳಗದ ಡಿಸೆಂಬರ್ ಸಭೆಗೆ ಅದರ ಗುಣದೋಷ ಬರೆದುಕೊಡಬೇಕಂತೆ. 'ಹಪ್ಪಳದಂಗಡಿಯ ಹೆಣ' ಎಂದು ಹೆಸರು. ಹಪ್ಪಳ ಮಾರುವ ರುಕ್ಕತ್ತೆ ಅಂಗಡಿಯಲ್ಲಿ ಕೂತಲ್ಲೇ ಕೊಲೆಗಾರರನ್ನು ಹಿಡಿಯುತ್ತಾಳೆ. ಇಂಥದಕ್ಕೆ ಕೋಜಿ ಮಿಸ್ಟರಿ ಅನ್ನುತ್ತಾರಂತೆ. ಹೆಣ ಬಿದ್ದರೂ ಓದುವವರಿಗೆ ಬೆಚ್ಚಗೆ ಕಂಬಳಿ ಹೊದ್ದ ಹಾಗಿರಬೇಕಂತೆ.

ನವೆಂಬರ್ 7, ಗುರುವಾರ

ನೂರು ಪುಟ ಆಯಿತು. ಗುಣ ಏನೆಂದರೆ ರುಕ್ಕತ್ತೆಗೆ ಕಣ್ಣಿದೆ. ಸತ್ತ ಗುಮಾಸ್ತನ ಅಡುಗೆಮನೆಯಲ್ಲಿ ತೆರೆದಿಟ್ಟ ಸಕ್ಕರೆಗೆ ಇರುವೆ ಹತ್ತಿಲ್ಲ ಅನ್ನುವುದನ್ನು ಇನ್ಸ್‌ಪೆಕ್ಟರ್ ನೋಡಲಿಲ್ಲ, ಈಕೆ ನೋಡಿದಳು. ರಕ್ತ ಇಲ್ಲ, ಕೆಟ್ಟ ಮಾತಿಲ್ಲ, ನಗು ಬೇಕಾದಷ್ಟಿದೆ. ದೋಷವೂ ಇದೆ. ಸತ್ತವನಿಗಾಗಿ ಇಡೀ ಊರಲ್ಲಿ ಒಬ್ಬರೂ ಅಳುವುದಿಲ್ಲ. ಇನ್ನೊಂದು, ಈಕೆ ಯಾರ ಮನೆಗೆ ಹೋದರೂ ಜನ ಕೂರಿಸಿ, ಕಾಫಿ ಕೊಟ್ಟು, ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಹೇಳುತ್ತಾರೆ. ನಮ್ಮ ಓಣಿಗೆ ಬಂದು ನೋಡಲಿ. ಗ್ಯಾಸ್ ಬಂತೇನ್ರಿ ಎಂದು ಕೇಳಿದರೂ ಯಾಕ ಕೇಳ್ತೀರಿ ಅನ್ನುವ ಜನ ಇವರು.

ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಓದುತ್ತಿದ್ದೆ. ಆ ಕೋಣೆಗೂ ಪಕ್ಕದ ತಿಪ್ಪೇಶನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಓಣಿಯೆಲ್ಲ ಉಂಡು ಮಲಗಿತ್ತು. ಗೋಡೆಯ ಆಚೆ ಯಾರೋ ಗುನುಗುತ್ತಿದ್ದರು. ಹಾಡು ಅನ್ನುವ ಹಾಗಿಲ್ಲ, ಅಳು ಅನ್ನುವ ಹಾಗೂ ಇಲ್ಲ. ಒಂದೇ ಕಡೆ ಏರಿ ಒಂದೇ ಕಡೆ ಇಳಿಯುತ್ತಿತ್ತು. ಒಡೆದ, ಮುದಿ ದನಿ. ತಿಪ್ಪೇಶನ ತಾಯಿ ಉಚ್ಚಮ್ಮ ಇರಬೇಕು ಅಂದುಕೊಂಡು ಪುಟ ತಿರುವಿದೆ. ಆ ಸದ್ದಿಗೇ ಗುನುಗು ಗಕ್ಕನೆ ನಿಂತಿತು. ಗೋಡೆಯ ಆಚೆಗೆ ಪುಟ ತಿರುವಿದ್ದು ಕೇಳುವುದುಂಟೇ? ಪುಸ್ತಕ ತೆಗೆದುಕೊಂಡು ಪಡಸಾಲೆಗೆ ಬಂದುಬಿಟ್ಟೆ.

ನವೆಂಬರ್ 10, ಭಾನುವಾರ

ಉಚ್ಚಮ್ಮ ಕಟ್ಟೆಗೆ ಬರುತ್ತಿಲ್ಲ. ಹೊಳಗುಂದದಿಂದ ಮಗನ ಜೊತೆ ಈ ಓಣಿಗೆ ಬಂದ ಮೇಲೆ ಆಕೆ ಒಂದು ಸಂಜೆಯೂ ಕಟ್ಟೆ ತಪ್ಪಿಸಿದವಳಲ್ಲ. ಮೊರದಲ್ಲಿ ಶೇಂಗಾ ಹಸನು ಮಾಡುತ್ತ, ಹೋಗುವವರನ್ನೂ ಬರುವವರನ್ನೂ ನಿಲ್ಲಿಸಿ ಮಾತಾಡಿಸುವ ಹೆಂಗಸು. ಈಗ ಆ ಕಟ್ಟೆಯ ಮೇಲೆ ಜಿನ್ನಿಂಗ್ ಮಿಲ್ಲಿನಿಂದ ಹಾರಿಬಂದ ಹತ್ತಿ ಕೂತಿದೆ. ಬಾಗಿಲು ಹಗಲೆಲ್ಲ ಮುಚ್ಚಿರುತ್ತದೆ.

ತಿಪ್ಪೇಶ ಹತ್ತಿ ಲಾರಿಯ ಡ್ರೈವರ್. ಗುಂಟೂರಿಗೆ ಹೋದರೆ ಮನೆಯ ಕಡೆ ತಲೆ ಹಾಕುವುದು ಯಾವಾಗಲೋ. ಇವತ್ತು ಬೆಳಿಗ್ಗೆ ಹೊರಟವನನ್ನು ಇವರು ನಿಲ್ಲಿಸಿ, ತಾಯಿ ಎಲ್ಲಿ ಎಂದು ಕೇಳಿದರು. "ಅವ್ವಗ ಮೊಣಕಾಲು ನೋಯ್ತಾವಂತ ಅಣ್ಣ, ಒಳಗ ಅದಾಳ," ಎಂದು ನೆಲ ನೋಡುತ್ತ ಹೇಳಿ ಹೋದ.

ಆತನ ಹೆಂಡತಿ ಪತ್ತಿಕೊಂಡದ ಕಡೆಯವಳು, ತೆಲುಗಿನವಳು. ಹೊರಗೆ ಕಾಣುವುದೇ ಅಪರೂಪ. ಶ್ರಾವಣದಲ್ಲಿ ಎರಡನೆಯ ಹೆರಿಗೆಗೆ ತವರಿಗೆ ಹೋಗಿ ಬರಿಗೈಲಿ ಬಂದಳು, ಕೂಸು ಉಳಿಯಲಿಲ್ಲ. ಆಮೇಲಂತೂ ಆಕೆ ಇದ್ದಾಳೆ ಎಂದು ಓಣಿಗೆ ನೆನಪೇ ಇರಲಿಲ್ಲ. ಇವತ್ತು ನಸುಕಿನಲ್ಲಿ ನಲ್ಲಿ ಬಂದಾಗ ಸೆರಗನ್ನು ಮೂಗಿನ ತನಕ ಎಳೆದುಕೊಂಡು ಬಿಂದಿಗೆ ತುಂಬಿಕೊಂಡು ಹೋದಳು. ಬಿಂದಿಗೆ ಎತ್ತುವಾಗ ಮುದುಕಿಯ ಹಾಗೆ ಸೊಂಟ ಹಿಡಿದುಕೊಂಡಳು. ಈ ವಯಸ್ಸಿಗೇ ಇಷ್ಟು ನಖರೆ. ಮುಖ ತೋರಿಸಲು ಯಾಕೆ ಹೆದರಬೇಕೋ?

ದಿನಾ ಕಾಣುವವರು ಕಾಣದೆ ಹೋದರೆ ಅಲ್ಲಿಂದ ಹುಡುಕು ಅನ್ನುತ್ತಾಳೆ ರುಕ್ಕತ್ತೆ. ಇದು ಕಾದಂಬರಿಯ ಗುಣ, ಒಪ್ಪಲೇಬೇಕು.

ನವೆಂಬರ್ 12, ಮಂಗಳವಾರ

ಮಾತಾಡದೆ ಇದ್ದರೆ ಜನಕ್ಕೆ ನಾನು ಕಾಣಿಸುವುದೂ ಇಲ್ಲ. ಕಿರಾಣಿ ಅಂಗಡಿಯಲ್ಲಿ ಚೀಟಿ ಹಿಡಿದು ನಿಂತೆ. ನನ್ನ ಹಿಂದೆ ಬಂದವರೆಲ್ಲ ನನ್ನ ತಲೆಯ ಮೇಲಿಂದ ಕೈ ಚಾಚಿ ಬೇಕಾದ್ದು ಒಯ್ದರು. ಹಾಲಿನವನು ನನ್ನ ಎದುರಿಗೇ, "ಮನ್ಯಾಗ ಯಾರೂ ಇಲ್ಲೇನು?" ಎಂದು ಇವರನ್ನು ಕೂಗಿದ. ಸಿಟ್ಟು ಬಂತು. ಸಿಟ್ಟೂ ಯಾರಿಗೂ ಕಾಣಲಿಲ್ಲ.

ಮಧ್ಯಾಹ್ನ ಗುನುಗು ಇತ್ತು. ಇವತ್ತು ಪುಟ ತಿರುವಲಿಲ್ಲ. ಉಸಿರು ಹಿಡಿದು ಕೇಳುತ್ತ ಕೂತೆ.

ನವೆಂಬರ್ 13, ಬುಧವಾರ

ಸಿಕ್ಕಿತು.

ತಿಪ್ಪೇಶನ ಮಗಳು ಶ್ರಾವಣಿಗೆ ನಾಲ್ಕು ವರ್ಷ. ಅಂಗನವಾಡಿಯಿಂದ ಬಂದವಳು ನಮ್ಮ ಬಾಗಿಲಲ್ಲಿ ನಿಂತಳು. ಬಿಸ್ಕತ್ತು ಕೊಟ್ಟೆ. ಈಚೆಗೆ ಆಕೆಗೆ ನಾನೆಂದರೆ ಇಷ್ಟ, ಉಳಿದವರ ಹಾಗೆ ನಾನು ಪ್ರಶ್ನೆ ಕೇಳಿ ಕಾಡುವುದಿಲ್ಲವಲ್ಲ. ಅಂಗನವಾಡಿಗೆ ಸೇರಿದ ಮೇಲೆ ಹುಡುಗಿಯ ಬಾಯಲ್ಲಿ ತೆಲುಗೇ ಜಾಸ್ತಿ. ಬಿಸ್ಕತ್ತಿನ ಕ್ರೀಮು ನೆಕ್ಕುತ್ತ, ಯಾರದೋ ಮನೆಯ ಸುದ್ದಿಯ ಹಾಗೆ ಹೇಳಿದಳು.

"ಅವ್ವನಿ ರೂಮುಲೋ ಪೆಟ್ಟಿ ಬೀಗಂ ಏಸಿಂದಿ ಅಮ್ಮ. ಎವರಿಕೀ ಚೆಪ್ಪೊದ್ದು ಅನಿಂದಿ."

ಅವ್ವನನ್ನು ಕೋಣೆಯಲ್ಲಿಟ್ಟು ಅಮ್ಮ ಬೀಗ ಹಾಕಿದ್ದಾಳೆ. ಯಾರಿಗೂ ಹೇಳಬೇಡ ಅಂದಿದ್ದಾಳೆ.

ಯಾವ ಅವ್ವ ಎಂದು ಕೇಳಲು ಬಾಯಿ ತೆರೆದೆ. ಡಾಕ್ಟರ ಮುಖ ನೆನಪಾಗಿ ಮುಚ್ಚಿದೆ. ಸ್ಲೇಟಿನಲ್ಲಿ ಬರೆದು ತೋರಿಸೋಣವೆಂದರೆ ಓದಲು ಬರದ ಮಗು. ಆದರೆ ಕೇಳುವ ಅಗತ್ಯವಾದರೂ ಏನಿದೆ? ನಮ್ಮ ಕನ್ನಡದಲ್ಲಿ ಅವ್ವ ಅಂದರೆ ಹೆತ್ತವಳು. ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ. ಮಗು ಆಡಿದ್ದು ತೆಲುಗು, ತಾಯಿಯೂ ತೆಲುಗಿನವಳು. ಹಾಗಾಗಿ ಅವ್ವ ಉಚ್ಚಮ್ಮ, ಅಮ್ಮ ಆ ಸೊಸೆ. ಎರಡೂ ಭಾಷೆ ಅರೆದು ಕುಡಿದವರನ್ನು ಬಿಟ್ಟರೆ ಬೇರೆಯವರಿಗೆ ಇದು ಹೊಳೆಯುವುದಿಲ್ಲ. ರುಕ್ಕತ್ತೆಯ ಕೈಲಂತೂ ಆಗದ ಮಾತು. ಬಹಳ ದಿನದ ಮೇಲೆ ಇವತ್ತು ಹೊಟ್ಟೆ ತುಂಬ ಉಂಡೆ.

ನವೆಂಬರ್ 14, ಗುರುವಾರ

ಮಧ್ಯಾಹ್ನ ಗುನುಗು ಶುರುವಾದಾಗ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದೆ. ಗುನುಗು ನಿಂತಿತು. ಬಹಳ ಹೊತ್ತಿನ ಮೇಲೆ ಆಚೆಯಿಂದ ಯಾರೋ ತ‍ಟ್ಟಿದರು, ನಾನು ತಟ್ಟಿದಷ್ಟೇ ಸಲ. ಮತ್ತೆ ತಟ್ಟಿದೆ, ಮತ್ತೆ ಬಂತು. ಗೋಡೆಗೆ ಕಿವಿ ಇಟ್ಟೆ. ಈ ಸಲ ಸದ್ದು ಬಂದದ್ದು ಸರಿಯಾಗಿ ನನ್ನ ಕಿವಿಯ ನೇರಕ್ಕೆ. ಸರಿದು ಬೇರೆ ಕಡೆ ಕಿವಿ ಇಟ್ಟರೆ ಸದ್ದೂ ಸರಿದು ಅಲ್ಲಿಗೇ ಬಂತು. ಅಲ್ಲಿ ಗೋಡೆ ಬೆಚ್ಚಗಿತ್ತು. ಎಂದೂ ಬಿಸಿಲು ಬೀಳದ ಗೋಡೆ ಅದು.

ಹೆದರಿಕೆಯಾಯಿತು. ಸುಳ್ಳು ಯಾಕೆ ಬರೆಯಲಿ, ಹೆದರಿಕೆಯ ಜೊತೆಗೆ ಖುಷಿಯೂ ಆಯಿತು.

ನವೆಂಬರ್ 17, ಭಾನುವಾರ

ಇವರಿಗೆ ಎಲ್ಲವನ್ನೂ ಬರೆದು ತೋರಿಸಿದೆ. ಓದಿ, ಚಹಾ ಆರಿಸಿಕೊಳ್ಳುತ್ತ ಕೂತರು. "ಬಾಜು ಮನಿ ಐತಿ. ನಾ ಹೋಗಿ ಬಾಗಿಲ ಬಡದು ಕೇಳಿ ಬರ್ತೀನಿ, ಮುಗೀತು."

ಬೇಡ ಎಂದು ಬರೆದೆ. ಕೇಳಿದರೆ ಸೊಸೆ ಎಚ್ಚರವಾಗುತ್ತಾಳೆ, ಒಳಗಿರುವ ಮುದುಕಿಗೆ ಏನಾದರೂ ಮಾಡಿಯಾಳು.

"ಟಿಕೆಟ್ ಇಲ್ಲದವನ್ನ ಹಿಡೀಬೇಕಂದ್ರೂ ನಾ ಮೊದ್ಲ ಎಲ್ಲಿ ಇಳೀತಿಯಪಾ ಅಂತ ಕೇಳ್ತೀನಿ. ನೀ ಏನೂ ಕೇಳದ ಫೈನ್ ಹಾಕಾಕ ಹೊಂಟಿ," ಅಂದರು. ಕಂಡಕ್ಟರ ಬುದ್ಧಿ ಎಲ್ಲಿಗೆ ಹೋದೀತು.

ರುಕ್ಕತ್ತೆಗೆ ತನ್ನ ಮೇಲೆ ತನಗೆ ಅನುಮಾನವೇ ಬರುವುದಿಲ್ಲ, ಅದೊಂದು ದೋಷ ಎಂದು ಬರೆದಿಟ್ಟಿದ್ದೆ. ಅದನ್ನು ಹೊಡೆದುಹಾಕಿ ಗುಣದ ಕಡೆಗೆ ಸೇರಿಸಿದೆ. ಅನುಮಾನ ಪಡುತ್ತ ಕೂತರೆ ಕಥೆ ಮುಂದಕ್ಕೆ ಹೋಗುವುದಾದರೂ ಹೇಗೆ? ಆಕೆ ಮೊದಲ ಅಧ್ಯಾಯಗಳಲ್ಲಿ ಅನುಮಾನಿಸಿದ ಬಡ ಬಳೆಗಾರನೊಬ್ಬ ಆಮೇಲೆ ಏನಾದ ಎಂದೂ ಒಂದು ಸಾಲು ಬರೆದಿದ್ದೆ. ಅದನ್ನೂ ಹೊಡೆದೆ, ಅಷ್ಟು ಮುಖ್ಯವಲ್ಲ.

ಈಗ ದಿನಾ ಗೋಡೆ ತಟ್ಟುತ್ತೇನೆ, ಉಚ್ಚಮ್ಮನಿಗೆ ಧೈರ್ಯ ಹೇಳಿದ ಹಾಗೆ. ಮೊದಮೊದಲು ಮೆಲ್ಲಗೆ ಬರುತ್ತಿದ್ದ ಉತ್ತರ ಈಗ ಆತುರಾತುರವಾಗಿ ಬರುತ್ತದೆ. ನಾನು ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ. ಕೋಣೆಯಿಂದ ಎದ್ದು ಬಂದು ಅನ್ನಕ್ಕಿಡುವಾಗಲೂ ಕೇಳಿಸುತ್ತಲೇ ಇರುತ್ತದೆ.

ನವೆಂಬರ್ 19, ಮಂಗಳವಾರ

ಮರ್ಯಾದೆ ಮೂರು ಕಾಸಿಗೆ ಹೋಯಿತು. ಬರೆಯಲೂ ನಾಚಿಕೆ.

ನಿನ್ನೆ ಸುಭದ್ರಮ್ಮನವರಿಗೆ ಎಲ್ಲವನ್ನೂ ಮೆಸೇಜಿನಲ್ಲಿ ಬರೆದಿದ್ದೆ. ಅವರು ಇವತ್ತು ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದರು. ಸೊಸೆ ಅತ್ತೆಯನ್ನು ಕೂಡಿಹಾಕಿದ್ದಾಳೆ ಅಂದರೆ ಯಾರು ತಾನೇ ಬರುವುದಿಲ್ಲ? ತಿಪ್ಪೇಶನ ಬಾಗಿಲು ಬಡಿದರು, ತೆರೆಯಲಿಲ್ಲ. ಆಗ ನನಗೇನಾಯಿತೋ, ಉಚ್ಚಮ್ಮ ಎಂದು ಗಂಟಲು ಹರಿಯುವ ಹಾಗೆ ಕೂಗಿಬಿಟ್ಟೆ. ಇಷ್ಟು ದಿನ ಕಾಯ್ದಿಟ್ಟ ದನಿ. ನನ್ನ ಹಿಂದೆ ಎಲ್ಲರೂ ಕೂಗತೊಡಗಿದರು, ಉಚ್ಚಮ್ಮ, ಉಚ್ಚಮ್ಮ.

ಬಾಗಿಲು ತೆರೆದವಳು ಉಚ್ಚಮ್ಮನೇ. ಕಣ್ಣು ಒಂದಿಷ್ಟು ಕೆಂಪಗಿದ್ದವು. ಅದು ಬಿಟ್ಟರೆ ಗಟ್ಟಿಯಾಗಿಯೇ ಇದ್ದಳು.

"ಏನ್ರವಾ ಇಷ್ಟ ಮಂದಿ? ಯಾರರ ಸತ್ತಾರೇನು?"

"ನಿಮ್ಮ ಸೊಸಿ ನಿಮ್ಮನ್ನ ಕೂಡಿಹಾಕ್ಯಾಳ ಅಂತ ಕೇಳಿ ಬಂದ್ವಿ," ಅಂದರು ಸುಭದ್ರಮ್ಮ.

"ನನ್ನ? ನನ್ನ ಯಾರ್ ಕೂಡಿಹಾಕ್ತಾರವಾ?" ಉಚ್ಚಮ್ಮ ಸೊಂಟ ಹಿಡಿದುಕೊಂಡು ನಕ್ಕಳು. ಹಿಂದಿನಿಂದ ಯಾರೋ ಸೊಸೆ ಎಲ್ಲಿ ಅಂದರು. "ಮೈ ಬಿಸಿ ಐತಿ, ಮಲಗ್ಯಾಳ," ಅಂದಳು. ಅಲ್ಲಿಗೆ ಮುಗಿಯಿತು. ಎಲ್ಲರ ಎದೆ ಹಗುರವಾಗಿ ನಗು ಹತ್ತಿತು. ಆಕೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ, ತಾನೇ ಚಹಾ ಕಾಸಿ ಕೊಟ್ಟಳು. ಶ್ರಾವಣಿ ಓಡಿಬಂದು ಆಕೆಯ ತೊಡೆ ಏರಿ, "ಅಮ್ಮ, ನನಗೂ ಚಾ," ಎಂದು ಗಲ್ಲ ಹಿಡಿದು ಎಳೆದಳು. ಮುದ್ದಾದ ಹುಡುಗಿ. ಸುಭದ್ರಮ್ಮ ನನ್ನ ಬೆನ್ನಿಗೊಂದು ಕೊಟ್ಟು, "ಪುಸ್ತಕ ಓದಿ ತಲಿ ಕೆಟ್ಟೈತಿ ನಿಮಗ," ಅಂದರು. ಎಲ್ಲರೂ ಮತ್ತೆ ನಕ್ಕರು, ನಾನೂ ನಕ್ಕೆ.

ರುಕ್ಕತ್ತೆಯ ಕೊನೆಯ ಅಧ್ಯಾಯವೂ ಹೀಗೇ ಇದೆ. ಎಲ್ಲರೂ ಹಪ್ಪಳ ತಿಂದು, ನಕ್ಕು, ಮನೆಗೆ ಹೋಗುತ್ತಾರೆ. ಗಂಟಲು ಉರಿಯುತ್ತಿದೆ. ಉಗುಳಿದರೆ ರಕ್ತ ಬಂತು.

ನವೆಂಬರ್ 20, ಬುಧವಾರ

ಮಧ್ಯಾಹ್ನ ಗೋಡೆ ತಟ್ಟಿದ ಸದ್ದು. ನಾನು ತಟ್ಟಿರಲಿಲ್ಲ.

ಎದ್ದು ಪಡಸಾಲೆಯ ಕಿಟಕಿಗೆ ಬಂದೆ. ಉಚ್ಚಮ್ಮ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು, ತೊಡೆಯ ಮೇಲೆ ಮೊರ ಇಟ್ಟುಕೊಂಡು. ಹಿಂದೆ ನನ್ನ ಕೋಣೆಯಲ್ಲಿ ಗೋಡೆ ತಟ್ಟುತ್ತಲೇ ಇತ್ತು.

ನವೆಂಬರ್ 21, ಗುರುವಾರ

ಅಮ್ಮ, ನನಗೂ ಚಾ.

ಹೊಳಗುಂದದ ಕಡೆ ಎಷ್ಟೋ ಮನೆಗಳಲ್ಲಿ ಹೆತ್ತವಳು ಅವ್ವ, ಅಜ್ಜಿ ಅಮ್ಮ. ನಾನೇ ನನ್ನ ಅಜ್ಜಿಯನ್ನು ಅಮ್ಮ ಎಂದು ಕರೆದು ಬೆಳೆದವಳು. ಮಗು ಮಾತನ್ನು ಅಂಗನವಾಡಿಯ ತೆಲುಗಿನಲ್ಲಿ ಆಡಿತ್ತು. ಆ ಎರಡು ಹೆಸರು ಮಾತ್ರ ಮನೆಯವು, ಕನ್ನಡದವು. ಬೀಗ ಹಾಕಿದ ಅಮ್ಮ ಉಚ್ಚಮ್ಮ. ಒಳಗಿರುವ ಅವ್ವ ತಿಪ್ಪೇಶನ ಹೆಂಡತಿ. ಸೊಸೆ ಓಡಾಡಿಕೊಂಡಿದ್ದಾಳೆಂದು ಓಣಿ ನಂಬಲಿ ಎಂದು ಸೆರಗು ಎಳೆದುಕೊಂಡು ನೀರು ಹಿಡಿದವಳೂ ಉಚ್ಚಮ್ಮನೇ, ನಖರೆಯಲ್ಲ ಅದು, ಮುದಿ ಸೊಂಟ. ಅಳುತ್ತಳುತ್ತ ಗಂಟಲು ಒಡೆದ ಎಳೆಯ ಹೆಂಗಸಿನ ದನಿಯನ್ನು ನಾನು ಮುದುಕಿಯದು ಎಂದು ಕೇಳಿಸಿಕೊಂಡೆ. ಈಗ ಗೊತ್ತಾಗುತ್ತಿದೆ, ಅದು ಜೋಗುಳ.

ಸುಭದ್ರಮ್ಮನವರಿಗೆ ಬರೆದೆ. "ಮೊದ್ಲ ಗುಣದೋಷ ಬರೀರಿ ಟೀಚರಮ್ಮ," ಎಂದು ನಗುವ ಮುಖ ಕಳಿಸಿದರು. ಇವರಿಗೆ ತೋರಿಸಿದೆ. "ಇನ್ನೊಮ್ಮಿ ಮಂದಿ ಮುಂದ ನಗೆಪಾಟಲಾಗೋದು ಬ್ಯಾಡ. ಗಂಟಲಾಗ ರಕ್ತ ಬಂದೈತಿ. ಸೋಮವಾರ ಡಾಕ್ಟರಿಗೆ ತೋರಿಸಿ ಬರೋತನಕ ಸುಮ್ನಿರು," ಅಂದರು. ಸುಮ್ಮನಿದ್ದೆ.

ಗೋಡೆಗೆ ಬಾಯಿಟ್ಟು ಕರೆಯೋಣವೆಂದರೆ ಆಕೆಯ ಹೆಸರೇ ನನಗೆ ಗೊತ್ತಿಲ್ಲ.

ನವೆಂಬರ್ 23, ಶನಿವಾರ

ಒಂದೇ ಸಲ ತಟ್ಟಿತು. ನಾನು ತಟ್ಟಿದೆ. ಉತ್ತರ ಬರಲಿಲ್ಲ.

ನವೆಂಬರ್ 24, ಭಾನುವಾರ

ಇಲ್ಲ. ಗೋಡೆ ತಣ್ಣಗಿದೆ.

ನವೆಂಬರ್ 25, ಸೋಮವಾರ

ಬಳ್ಳಾರಿ ಬಸ್ಸಿಗೆಂದು ಇವರು ಚೀಲ ಹಿಡಿದು ನಿಂತಿದ್ದರು. ನಾನು ಅವರನ್ನು ದಾಟಿ ಪಕ್ಕದ ಮನೆಗೆ ಹೋಗಿ ಬಾಗಿಲು ಬಡಿದೆ. ಉಚ್ಚಮ್ಮ ತೆರೆದಳು. ಮಾತು ಹೊರಡುವುದೇ ಕಷ್ಟವಾಯಿತು.

"ನಿಮ್ಮ ಸೊಸಿ ಹೆಸರೇನು, ಉಚ್ಚಮ್ಮಾರ?"

ಬೈದು ಅಟ್ಟುತ್ತಾಳೆ ಅಂದುಕೊಂಡಿದ್ದೆ. ಆಕೆ ನನ್ನ ಮುಖ ನೋಡುತ್ತ ನೋಡುತ್ತ ಹೊಸ್ತಿಲ ಮೇಲೆ ಕುಸಿದು ಕೂತಳು.

"ನಾಗಜ್ಯೋತಿ," ಅಂದಳು. "ರೈಲು ಹಳಿ ಕಡಿಗೆ ಹೊಂಟಿದ್ಲವಾ ಆಕಿ. ಕೂಸು ಹೋದಾಗಿಂದ ಊಟಿಲ್ಲ, ನಿದ್ದಿಲ್ಲ. ನಾನ ಕೈ ಹಿಡದು ಎಳಕೊಂಡು ಬಂದೀನಿ. ಡಾಕ್ಟರ ಕಡೆ ಒಯ್ದ್ರ ಹುಚ್ಚಿ ಅಂತ ಹೆಸರಾಕ್ಕೈತಿ, ನಾಳೆ ಮೊಮ್ಮಗಳನ್ನ ಯಾರ್ ಮಾಡ್ಕೊಂತಾರ? ಮಗ ಲಾರಿ ಮ್ಯಾಲ ಇರ್ತಾನ. ಬೀಗ ಹಾಕದ ನಾ ಏನ್ ಮಾಡ್ಲಿ? ನಿನ್ನೆಯಿಂದ ನೀರೂ ಮುಟ್ಟಿಲ್ಲ ಆಕಿ."

ಸೊಂಟಕ್ಕೆ ಸಿಕ್ಕಿಸಿದ ಕೀಲಿ ತೆಗೆದು ನನ್ನ ಕೈಗಿಟ್ಟಳು. ಬೀಗ ಹಾಕಿ, ಆ ಬೀಗದ ಮುಂದೆಯೇ ಕೂತು ಅಳುವ ಅಪರಾಧಿ ರುಕ್ಕತ್ತೆಯ ಪುಸ್ತಕದಲ್ಲಿ ಎಲ್ಲೂ ಇಲ್ಲ. ಆಕೆಯ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ನನ್ನ ಮೇಲೆ ಬಂತು.

ಕೋಣೆಯ ಬಾಗಿಲಿಗೆ ಬಾಯಿಟ್ಟು ನಾಗಜ್ಯೋತಿ ಎಂದೆ. ಗಾಳಿ ಮಾತ್ರ ಹೊರಟಿತು. ಮತ್ತೆ ಕರೆದೆ. ಒಳಗಿನಿಂದ, ಬಹಳ ದೂರದಿಂದ ಬಂದ ಹಾಗೆ, ಒಂದು ದನಿ "ಓ" ಅಂದಿತು.

ಬೀಗ ತೆಗೆದಾಗ ನಮ್ಮ ಗೋಡೆಯ ಬುಡದಲ್ಲಿ, ಗೋಡೆಗೆ ಕೆನ್ನೆ ಹಚ್ಚಿ ಮಲಗಿದ್ದಳು. ಇವರು ಓಡಿಹೋಗಿ ಆಟೋ ತಂದರು. ಬಳ್ಳಾರಿ ಬಸ್ಸು ಹೋಯಿತು.

ನವೆಂಬರ್ 26, ಮಂಗಳವಾರ

ಆಸ್ಪತ್ರೆಯಿಂದ ಈಗ ಬಂದೆ. ಸಲೈನ್ ಏರಿಸಿದ್ದಾರೆ, ಜೀವಕ್ಕೆ ಭಯವಿಲ್ಲವಂತೆ. ಇಂಥದ್ದಕ್ಕೂ ಔಷಧ ಇದೆ, ಹೆರಿಗೆಯಾದ ಎಷ್ಟೋ ಹೆಂಗಸರಿಗೆ ಹೀಗಾಗುತ್ತದೆ ಎಂದು ಡಾಕ್ಟರಮ್ಮ ತಿಪ್ಪೇಶನಿಗೆ ಫೋನಿನಲ್ಲೇ ತಿಳಿಸಿ ಹೇಳಿದರು. ಉಚ್ಚಮ್ಮ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಸೊಸೆಯ ಕಾಲ ಬಳಿ ಕೂತಿದ್ದಾಳೆ.

ಸುಭದ್ರಮ್ಮನವರೂ ಎಳನೀರು ಹಿಡಿದು ಬಂದಿದ್ದರು. ಕಾದಂಬರಿಯನ್ನು ಗುಣದೋಷದ ಹಾಳೆಯ ಜೊತೆ ಅವರಿಗೆ ಹಿಂದಕ್ಕೆ ಕೊಟ್ಟೆ. ಗುಣಗಳೆಲ್ಲ ಮೊದಲು ಬರೆದ ಹಾಗೆಯೇ ಇವೆ. ದೋಷ ಒಂದೇ ಬರೆದಿದ್ದೇನೆ. ರುಕ್ಕತ್ತೆ ಹುಡುಕುವುದು ಊರಿನ ಕಣ್ಣಿಗೆ ಬಿದ್ದವರನ್ನು ಮಾತ್ರ. ಯಾರಿಗೂ ಕಾಣದಿದ್ದವರು ಕಾಣೆಯಾದರೆ ಆಕೆಗೂ ಗೊತ್ತಾಗುವುದಿಲ್ಲ. ಸುಭದ್ರಮ್ಮ ಅದನ್ನು ಓದಿ, ಹಾಳೆ ಮಡಚಿ ಪುಸ್ತಕದೊಳಗೆ ಇಟ್ಟರು.

ಉಚ್ಚಮ್ಮ ಮಗುವನ್ನು ಕರೆದುಕೊಂಡು ಹೊರಗೆ ಹೋದಾಗ ನಾಗಜ್ಯೋತಿ ಕಣ್ಣು ಬಿಟ್ಟಳು. ಮಂಚದ ಅಂಚಿನಲ್ಲಿ ಕೂತು, ಇದ್ದಬದ್ದ ದನಿಯಲ್ಲಿ ಕೇಳಿದೆ. ಆವತ್ತು ಅಷ್ಟು ಜನ ಪಡಸಾಲೆಗೇ ಬಂದಿದ್ದೆವಲ್ಲ, ಒಂದು ಸಲ ಯಾಕೆ ಕೂಗಲಿಲ್ಲ?

"ವಿನ್ನಾನಕ್ಕಾ, ಎಲ್ಲಾ ಕೇಳಿಸ್ತು," ಅಂದಳು. "ನೀವು ನಗೋದೂ ಕೇಳಿಸ್ತು. ಎಲ್ಲಾರೂ ಅತ್ತಿ ಹೆಸರು ಕೂಗಿದ್ರಿ. ನನ್ನ ಹೆಸರು ಯಾರರ ಒಬ್ರು ಕೂಗ್ತಾರ ಅಂತ ಬಾಗಿಲ ಹಿಂದ ಎದ್ದು ನಿಂತಿದ್ದೆ. ಕೂಗಿದ್ರ ಓ ಅಂತಿದ್ದೆ."